ಎರಡು ಇಂಚಿನ ಸಂಚು

ನೋಡಿ ಸ್ವಾಮಿ, ಸಾಕ್ಷಿಯೇ ಇಲ್ಲದ ಅಪರಾಧ ಮಾಡಬಲ್ಲವನು ಈ ಏರಿಯಾದಲ್ಲಿ ಒಬ್ಬನೇ ಇದ್ದಾನೆ. ಅವನೇ ಈಗ ನಿಮ್ಮ ಜೊತೆ ಮಾತಾಡುತ್ತಿರುವುದು. ಹಿನ್ನೆಲೆ ಸಂಗೀತ ನೀವೇ ಹಾಕಿಕೊಳ್ಳಿ. ಚಾಕು ಇಲ್ಲ, ವಿಷ ಇಲ್ಲ. ಬೆರಳಚ್ಚು ಬೇಕಾದಷ್ಟಿದೆ, ಆದರೆ ಎಲ್ಲಾ ಇರಬೇಕಾದ ಜಾಗದಲ್ಲೇ ಇದೆ. ನನ್ನ ಆಯುಧ, ಎರಡು ಟೈರು.

ಟಾರ್ಗೆಟ್ ನನ್ನ ಭಾವ, ಅಕ್ಕನ ಗಂಡ. ನಮ್ಮ ಗ್ಯಾರೇಜಿನ ರೇಸ್ ಕ್ವಾಡ್ ಓಡಿಸುವವನು ಅವನು. ಆ ನಾಲ್ಕು ಚಕ್ರದ ಬೈಕನ್ನು ಬಿಚ್ಚಿ, ತೊಳೆದು, ಜೋಡಿಸುವವನು ನಾನು. ಮೂರು ವರ್ಷದಿಂದ ರೇಸಿನ ದಿನ ಎಲ್ಲರೂ ಲಾರಿ ಹತ್ತುತ್ತಾರೆ, ನಾನು ಷಟರ್ ಪಕ್ಕ ನಿಂತು ಟಾಟಾ ಮಾಡುತ್ತೇನೆ. ಹೀರೋ ಎಂಟ್ರಿ ಅವನದು, ನೆಲ ಒರೆಸುವ ಸೀನು ನನ್ನದು.

ನಮ್ಮ ಓನರ್ ಶರ್ಟಿನ ಜೇಬಿನಲ್ಲಿ ಸದಾ ಗಾಳಿ ನೋಡುವ ಗೇಜ್ ಇರುತ್ತದೆ. ಅದಕ್ಕೇ ಅವರಿಗೆ ಗೇಜ್ ಮಾಮ ಅಂತ ಹೆಸರು. ಕಳೆದ ಮೂರು ರೇಸು ಸೋತು ಕೂತಿದ್ದ ಅವರು ಒಂದು ದಿನ ಬಾಯಿಬಿಟ್ಟೇ ಹೇಳಿದರು.

"ಈ ಭಾನುವಾರನೂ ನಿಮ್ಮ ಭಾವ ಗೆಲ್ಲಲಿಲ್ಲ ಅಂದ್ರೆ ಮುಂದಿನ ಸೀಟು ನಿಂದೇ ಕಣೋ. ಹೆಲ್ಮೆಟ್ ತೊಳೆದಿಟ್ಕೋ."

ತೊಳೆದಿಟ್ಟುಕೊಂಡೆ. ಎರಡು ಸಲ.

ಇನ್ನು ಭಾವ ಸೋಲಬೇಕಷ್ಟೆ. ಹಿಂದಿನ ಟೈರು ಆರಿಸುವ ಕೆಲಸ ನನ್ನದೇ. ಎತ್ತರದ ಇಪ್ಪತ್ತೆರಡು ಇಂಚಿನ ಜೋಡಿ ಹಾಕಿದರೆ ಗಾಡಿ ನಿಧಾನಕ್ಕೆ ವೇಗ ಹಿಡಿಯುತ್ತದೆ, ನಿಜ. ಆದರೆ ಕಾಲು ನೆಲಕ್ಕೆ ಎಟುಕದಿದ್ದರೆ ಭಾವನಿಗೆ ಅಲ್ಲೇ ಗೊತ್ತಾಗಿಬಿಡುತ್ತದೆ. ಕುಳ್ಳ ಹದಿನೆಂಟು ಹಾಕಿದರೆ ಹೊಟ್ಟೆ ನೆಲಕ್ಕೆ ಉಜ್ಜಿ ಊರಿಗೆಲ್ಲ ಕೇಳುತ್ತದೆ. ಎರಡೂ ಬೇಡ. ಎಂದಿನ ಇಪ್ಪತ್ತೇ ಹಾಕುವುದು, ಆದರೆ ನನ್ನ ಲೆಕ್ಕದ ಇಪ್ಪತ್ತು.

ಟೈರಿನ ಮೈಮೇಲೆ ಬರೆದ ನಂಬರನ್ನು ಎಲ್ಲರೂ ನಂಬುತ್ತಾರೆ. ಟೇಪ್ ಸುತ್ತಿ ನೋಡಿದವನಿಗೆ ಮಾತ್ರ ಗೊತ್ತು, ಇಪ್ಪತ್ತು ಅಂತ ಬರೆದ ಹತ್ತು ಟೈರಿಗೆ ಹತ್ತು ಸುತ್ತಳತೆ. ಅಟ್ಟದ ಮೇಲಿನ ಹೊಸ ಟೈರುಗಳ ರಾಶಿಯಿಂದ ಒಂದು ಅರವತ್ತೊಂದು ಇಂಚಿನದು, ಒಂದು ಅರವತ್ತಮೂರರದು ಹುಡುಕಿದೆ. ಕಣ್ಣಿಗೆ ಅವಳಿ ಜವಳಿ. ಸಣ್ಣದು ಎಡಕ್ಕೆ, ದೊಡ್ಡದು ಬಲಕ್ಕೆ.

ಕ್ವಾಡಿನ ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್ಲಿಗೆ ಕಚ್ಚಿಕೊಂಡು ಒಟ್ಟಿಗೇ ತಿರುಗುತ್ತವೆ. ಬಲಗಡೆಯದು ದೊಡ್ಡದಾದರೆ ಅದು ಹೆಚ್ಚು ನೆಲ ನುಂಗುತ್ತದೆ, ಗಾಡಿ ಎಡಕ್ಕೇ ಎಳೆಯುತ್ತದೆ. ಮೊದಲ ಬಲ ತಿರುವಿನಲ್ಲಿ ಭಾವ ಹ್ಯಾಂಡಲ್ ತಿರುಗಿಸುತ್ತಾನೆ, ಗಾಡಿ 'ಹೋಗಯ್ಯಾ' ಅನ್ನುತ್ತದೆ. ನೇರ ದಾರಿಯಂಚಿನ ಹುಲ್ಲಿನ ಮೂಟೆಗಳ ಮೇಲೆ. ಸಾಯುವುದಿಲ್ಲ. ಸಾಯುವುದಿಲ್ಲ ಅಂತ ನನಗೆ ನಾನೇ ಎಷ್ಟು ಸಲ ಹೇಳಿಕೊಂಡೆ ಅಂತ ಮಾತ್ರ ಕೇಳಬೇಡಿ.

ಗೇಜ್ ಮಾಮ ಹೊಸ ಟೈರನ್ನು ರೇಸಿಗೆ ಮಾತ್ರ ಇಳಿಸುವವರು, ಪ್ರಾಕ್ಟೀಸಿಗೆ ಹಳೆಯದು ಸಾಕು. ಹಾಗಾಗಿ ಭಾನುವಾರ ಬೆಳಿಗ್ಗೆ ಲಾರಿಗೆ ಏರಿಸುವ ಮೊದಲು ಜೋಡಿಸಿದೆ. ಮಾಮ ಬಗ್ಗಿ ನಂಬರ್ ಓದಿದರು, ಎರಡಕ್ಕೂ ಗೇಜ್ ಒತ್ತಿದರು.

"ಗಾಳಿ ಸಮ ಇದೆ. ಗಟ್ಟಿ ಮಣ್ಣು ಕಣೋ, ಹಿಡಿಯುತ್ತಾ?"

"ಬಿಡೋದೇ ಇಲ್ಲ ಮಾಮ."

ಭಾವ ನನ್ನ ಬೆನ್ನು ತಟ್ಟಿದ. "ನೀನು ಹಾಕಿದ್ಮೇಲೆ ನಾನು ನೋಡೋದೇನಿದೆ ಬಾಮೈದ."

ಮಧ್ಯಾಹ್ನ ಅಕ್ಕ ಗ್ಯಾರೇಜಿಗೆ ಬಂದಳು. ಹಿಂದೊಮ್ಮೆ ರೇಸಿನಲ್ಲಿ ಬಿದ್ದು ಭಾವನ ಕೊರಳೆಲುಬು ಮುರಿದ ಮೇಲೆ ಅವಳು ರೇಸ್ ನೋಡಲು ಹೋಗುವುದಿಲ್ಲ. ಉಲ್ಟಾ ಇಟ್ಟ ಬಕೆಟ್ಟಿನ ಮೇಲೆ ಕೂತು ಮೊಬೈಲ್ ಮಡಿಲಲ್ಲಿಟ್ಟುಕೊಂಡಳು.

"ಟೈರ್ ನೀನೇ ಹಾಕಿದ್ದೇನೋ?"

"ಹೂಂ."

"ಸರಿ ಬಿಡು. ಹಾಗಾದ್ರೆ ನಂಗೆ ಭಯ ಇಲ್ಲ."

ಸ್ಪ್ಯಾನರ್ ಹುಡುಕುವ ನೆಪದಲ್ಲಿ ಒಳಗೆ ಹೋದೆ. ಕಡೇ ಗಳಿಗೆಯಲ್ಲಿ ಓಡಿ ಹೋಗಿ 'ನಿಲ್ಲಿಸಿ' ಅಂತ ಕೂಗುವ ಸೀನು ಇರುತ್ತದಲ್ಲ, ಅದು ನೆನಪಾಯಿತು. ಓಡಲಿಲ್ಲ. ಫೋನ್ ರಿಂಗಾಯಿತು. ಅಕ್ಕ ಕಿವಿಗಿಟ್ಟು ಕೇಳಿದಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಫಸ್ಟ್ ಬಂದ್ರಂತೆ ಕಣೋ! ಅರ್ಧ ಲ್ಯಾಪ್ ಮುಂದೆ!"

ಸರಿ, ಕೊಚ್ಚಿಕೊಂಡಿದ್ದು ಸಾಕು, ನಡೆದದ್ದನ್ನು ಒಪ್ಪಿಕೊಳ್ಳುತ್ತೇನೆ. ಸಂಜೆ ಗೇಜ್ ಮಾಮ ಟೇಪ್ ತಗೊಂಡು ಆ ಎರಡು ಟೈರು ಅಳೆದರು, ನನ್ನನ್ನು ತಬ್ಬಿಕೊಂಡರು. "ಯಾರೋ ಕಲಿಸಿದ್ದು ನಿಂಗೆ ಇದನ್ನ? ಇಷ್ಟು ದಿನ ಇಂಥ ಕೈನ ಇಲ್ಲೇ ಕೂಡಿಹಾಕಿದ್ನಲ್ಲೋ!" ಈಗ ನನ್ನನ್ನೂ ಲಾರಿ ಹತ್ತಿಸುತ್ತಾರೆ, ಕೊರಳಲ್ಲಿ ಟೇಪ್ ಹಾಕಿಕೊಂಡು. ಸೀಟಿನ ಮಾತೆತ್ತಿದರೆ ಭಾವನೇ ನಗುತ್ತಾನೆ: "ನೀನು ಹತ್ತಿದ್ರೆ ಟೈರ್ ಯಾರೋ ಆರಿಸೋದು?" ಎಷ್ಟು ಸಲ ಕೇಳಿದರೂ ಅದೇ ಉತ್ತರ, ಮತ್ತೆ ಅವನು ಗೆಲ್ಲುತ್ತಲೇ ಇದ್ದಾನೆ. ನಾನು ಹಾಕಿದ್ದು ಬೀಳಿಸುವುದಕ್ಕೆ ಅಂತ ಯಾರ ಹತ್ತಿರ ಹೇಳಲಿ? ಮಣ್ಣು ಎಂಥದ್ದು ಅಂತ ಹೇಳಿದ್ದರೇ ಹೊರತು ದಾರಿ ಎಂಥದ್ದು ಅಂತ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮೊದಲ ಸಲ ಬೇಲಿಯ ಪಕ್ಕ ನಿಂತು ನೋಡಿದೆ. ಆ ಟ್ರ್ಯಾಕು ಮೊಟ್ಟೆಯಾಕಾರದ್ದು. ಶುರುವಿನಿಂದ ಕೊನೆಯವರೆಗೆ ಬರೀ ಎಡ ತಿರುವು.