ಸಿರಿಗೆ ಸಿಕ್ಕ ಅಣ್ಣ

"ಬಾಯಲ್ಲಿರೋದನ್ನ ಮೊದಲು ನುಂಗಿ! ನೀರು ಮುಕ್ಕಳಿಸಿ ಆಮೇಲೆ ಬನ್ನಿ!"

ಅರಸೀಕೆರೆಯ ಕೊಬ್ಬರಿ ಮಂಡಿಯ ಮುಂದೆ ಹತ್ತಿ ಸುತ್ತಿದ ಕಡ್ಡಿ ಹಿಡಿದು ನಿಂತಿದ್ದ ಮಾಲಿನಿ ಗದರಿದಳು. ಎದುರಿಗಿದ್ದವನು ದವಡೆ ತುಂಬ ಕೊಬ್ಬರಿ ಇಟ್ಟುಕೊಂಡೇ ನಕ್ಕ.

"ರಕ್ತ ತಾನೇ? ತಗೊಳ್ರೀ, ನಂದು ಬಿ ಪಾಸಿಟಿವ್. ಅದಕ್ಯಾಕೆ ಬಾಯಿ ತೊಳೀಬೇಕು?"

"ರಕ್ತ ಬೇಡ. ಕೆನ್ನೆಯೊಳಗೆ ಈ ಹತ್ತಿ ಸವರ್ತೀವಿ, ಅಷ್ಟೇ. ನಿಮ್ಮ ಮೂಳೆಯೊಳಗಿನ ಮಜ್ಜೆ ಯಾರಿಗೆ ಹೊಂದುತ್ತೆ ಅಂತ ಅದರಲ್ಲೇ ಗೊತ್ತಾಗುತ್ತೆ. ನನ್ನ ತಂಗಿಗೆ..."

ಅವಳ ಕಣ್ಣು ತುಂಬಿತ್ತು.

ಹದಿನಾರರ ಸಿರಿಯ ಮೈಯಲ್ಲಿ ರಕ್ತ ಹುಟ್ಟುವುದೇ ನಿಲ್ಲುತ್ತ ಬಂದಿತ್ತು. ಹೊಂದುವ ದಾನಿಯ ಮಜ್ಜೆಯ ಕಣಗಳು ಸಿಕ್ಕರೆ ಉಳಿದಾಳು ಎಂದಿದ್ದರು ಡಾಕ್ಟರು. ಒಡಹುಟ್ಟಿದ ಮಾಲಿನಿಯದೇ ಹೊಂದಿರಲಿಲ್ಲ! ಹಳೇಬೀಡಿನ ಶಾಲೆಗೆ ರಜೆ ಹಾಕಿ, ದಾನಿಗಳನ್ನು ಹುಡುಕುವ ಸಂಸ್ಥೆಯವರನ್ನು ಕರೆತಂದು, ಕಂಡಕಂಡವರನ್ನೆಲ್ಲ ಬೇಡುತ್ತಿದ್ದಳು ಟೀಚರಮ್ಮ.

ಅವನು ಚನ್ನೇಶ್, ಆ ಮಂಡಿಯ ಸಾಹುಕಾರರ ಮಗ. ಅವನ ನಗು ನಿಂತಿತು. ಬಾಯಿ ಮುಕ್ಕಳಿಸಿ ಬಂದವನೇ ಹಮಾಲರನ್ನೆಲ್ಲ ಕೂಗಿದ.

"ಏನ್ಲಾ ಗಿಡ್ಡಯ್ಯ, ಎಲೆಅಡಿಕೆ ಉಗುದು ಬಾರ್ಲಾ! ಒಂದು ಜೀವ ಕಾಯ್ತಾ ಐತೆ!"

ಆಮೇಲೆ ಹಗರೆ, ಹುಲಿಕೆರೆ, ಬೇಲೂರು... ಶಿಬಿರ ಎಲ್ಲಿದ್ದರೂ ಚನ್ನೇಶನ ಬೈಕು ಅಲ್ಲಿ ಹಾಜರು. ಊಟ ಮರೆತ ಮಾಲಿನಿಯ ಕೈಗೆ ಕೊಬ್ಬರಿ ಬೆಲ್ಲ ಇಟ್ಟು, ಬೈಸಿಕೊಂಡು ಹೋಗುತ್ತಿದ್ದ.

'ಇವನು ತಡ ಮಾಡಿದರೆ ನನಗ್ಯಾಕೆ ಇಷ್ಟು ಕಸಿವಿಸಿ?' ಮಾಲಿನಿ ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಆದರೆ ತಂಗಿ ಹಾಸಿಗೆಯಲ್ಲಿರುವಾಗ ಹೇಳುವುದು ಹೇಗೆ?

ಕೊನೆಗೊಂದು ದಿನ ಸುದ್ದಿ ಬಂತು. ಸಿರಿಗೆ ದಾನಿ ಸಿಕ್ಕಿದ್ದಾರೆ! ಅದೇ ವಾರ ಚನ್ನೇಶನಿಗೂ ಸಂಸ್ಥೆಯಿಂದ ಫೋನು: ನಿಮ್ಮ ಮಜ್ಜೆ ಒಬ್ಬ ರೋಗಿಗೆ ಹೊಂದಿದೆ, ಬೆಂಗಳೂರಿಗೆ ಬನ್ನಿ. ಯಾರಿಗೆ ಎಂದು ಸದ್ಯಕ್ಕೆ ಹೇಳುವಂತಿಲ್ಲ, ಅದು ಅವರ ನಿಯಮ.

ಹೇಳದಿದ್ದರೇನಂತೆ? ಸಿರಿಯ ದಾನಿ ಚನ್ನೇಶನೇ ಎಂದು ಎರಡೂ ಮನೆಯವರು ತಾವೇ ಲೆಕ್ಕ ಹಾಕಿಬಿಟ್ಟರು!

ಬೆನ್ನುಮೂಳೆ ಕೊರೀತಾರೆ ಎಂದು ಗೋಳಾಡಿದ ಅವನ ತಾಯಿ ಬಸಮ್ಮ, ಮಗ ತೋಳಿನ ನರದಿಂದಲೇ ಕಣಗಳನ್ನು ಕೊಟ್ಟು ನಡೆದುಕೊಂಡು ಬಂದ ಮೇಲೆ ಸುಮ್ಮನಾದರು. ಸಿರಿಯ ಚಿಕಿತ್ಸೆಯೂ ಫಲಿಸಿತು. ಅವಳು ಹಳೇಬೀಡಿನ ಮನೆಗೆ ಮರಳಿದ ದಿನ ತಾಯಿ ಸುಮಿತ್ರಮ್ಮ ಚನ್ನೇಶನ ಕೈ ಹಿಡಿದು ಗಳಗಳನೆ ಅತ್ತರು.

"ನೀನು ನನ್ನ ಹೊಟ್ಟೇಲಿ ಹುಟ್ಟಿದ ಮಗ ಕಣಪ್ಪ. ನಿನ್ನ ರಕ್ತ ಇವಳ ಮೈಲಿ ಹರೀತೈತೆ. ಸಿರಿಗೆ ಅಣ್ಣ ಆದ್ಮೇಲೆ ಮಾಲಿನಿಗೂ ಅಣ್ಣಾನೇ!"

"ಊಂ ಕಣವ್ವ, ಒಂದೇ ರಕ್ತ!" ಎಂದು ಮಗನ ಜೊತೆ ಬಂದಿದ್ದ ಬಸಮ್ಮ ಮನೆಮಗಳಿಗೆ ಕೊಡುವಂತೆ ಅಕ್ಕತಂಗಿ ಇಬ್ಬರಿಗೂ ಸೀರೆ, ಕುಬುಸದ ಕಣ ಕೊಟ್ಟರು.

ಅಣ್ಣ! ಮಾಲಿನಿ ಕೈಗೆ ಬಂದ ಸೀರೆಯನ್ನೇ ನೋಡಿದಳು. ಚನ್ನೇಶ್ ಏನೋ ಹೇಳಲು ಬಾಯಿ ತೆರೆದ. ಸಿರಿಯ ಬೋಳು ತಲೆ, ನಗುಮುಖ ನೋಡಿದ. ಬಾಯಿ ಮುಚ್ಚಿಕೊಂಡ.

'ಒಂದು ಮಾತೂ ಆಡಲಿಲ್ಲವಲ್ಲ... ಅವನ ಮನಸ್ಸಿನಲ್ಲಿ ನಾನು ಇರಲೇ ಇಲ್ಲವೇನೋ. ಇರಲಿ ಶಿವನೇ, ತಂಗಿಯನ್ನು ಉಳಿಸಿಕೊಟ್ಟೆ. ಇನ್ನೇನೂ ಕೇಳಬಾರದು.'

ಅಂದಿನಿಂದ ಅವಳು ಅವನನ್ನು ಅಣ್ಣ ಎಂದೇ ಕರೆದಳು. ಕರೆದಾಗಲೆಲ್ಲ ಬೇರೆ ಕಡೆ ನೋಡುತ್ತಿದ್ದಳು.

ತಿಂಗಳುಗಳು ಉರುಳಿದವು. ತಪಾಸಣೆ ಮುಗಿಸಿ ಬಂದ ಸಿರಿ ಚಪ್ಪಲಿ ಬಿಡುವ ಮೊದಲೇ ಕೂಗಿದಳು.

"ಅಕ್ಕಾ, ನನ್ನ ಬ್ಲಡ್ ಗ್ರೂಪೇ ಬದಲಾಗಿದೆ ಕಣೇ! ಮೊದಲು ಎ ಪಾಸಿಟಿವ್ ಇತ್ತಲ್ಲ, ಈಗ ಓ! ದಾನಿಯ ಗ್ರೂಪೇ ನಮ್ಮದಾಗುತ್ತಂತೆ!"

ಮಾಲಿನಿಯ ಕೈಯಲ್ಲಿದ್ದ ಲೋಟ ಜಾರಿತು. ಕೊಬ್ಬರಿ ತುಂಬಿದ ಬಾಯಿಂದ ಬಂದಿದ್ದ ಆ ಮಾತು... 'ನಂದು ಬಿ ಪಾಸಿಟಿವ್'!

"ಅಮ್ಮಾ! ಸಿರಿಗೆ ಕೊಟ್ಟಿದ್ದು ಚನ್ನೇಶ್ ಅಲ್ಲ!"

ಸುಮಿತ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಯಾವ ದಿಕ್ಕಿಗೆ ಎಂದು ತಿಳಿಯದೆ ನಾಲ್ಕೂ ದಿಕ್ಕಿಗೆ ಕೈಮುಗಿದರು. "ಯಾವ ತಾಯಿ ಹೆತ್ತ ಮಗುವೋ... ಅದರ ಹೊಟ್ಟೆ ತಣ್ಣಗಿರಲಿ."

ಸಂಜೆ ಹಳೇಬೀಡಿನ ಕೆರೆ ಏರಿಯ ಮೇಲೆ ಮಾಲಿನಿ ಹೇಳಿದ್ದನ್ನೆಲ್ಲ ಚನ್ನೇಶ್ ತಲೆ ತಗ್ಗಿಸಿ ಕೇಳಿಸಿಕೊಂಡ.

"ಅವತ್ತು ಅಮ್ಮ ಅಣ್ಣ ಅಂದಾಗ ಏನೋ ಹೇಳೋಕೆ ಬಾಯಿ ತೆರೆದ್ರಿ. ನಿಮಗೆ ಅನುಮಾನ ಇತ್ತಲ್ವಾ? ಯಾಕೆ ಸುಮ್ಮನಿದ್ರಿ?"

"ನನಗೂ ಗೊತ್ತಿರ್ಲಿಲ್ಲ ಕಣ್ರೀ. ಸಿರಿಗೇ ಇರಲಿ ಅಂತ ಆಸೆ ಇತ್ತು. ಅವಳು ಉಳಿದಿದ್ದು ನನ್ನಿಂದಾನೇ ಆಗಿದ್ರೆ, ಜೀವನಪೂರ್ತಿ ನಿಮ್ಮ ಕೈಲಿ ಅಣ್ಣ ಅನ್ನಿಸ್ಕೊಂಡೇ ಇದ್ದುಬಿಡೋಣ ಅಂದ್ಕೊಂಡಿದ್ದೆ. ಎಷ್ಟು ಕಷ್ಟ ಆಯ್ತು ಗೊತ್ತಾ!"

ಮಾಲಿನಿಯ ಕಣ್ಣೀರು ಧುಮುಕಿತು. ಅವನ ತೋಳನ್ನು ಮೆಲ್ಲಗೆ ಮುಟ್ಟಿದಳು.

"ಹಾಗಾದ್ರೆ ಇಲ್ಲಿಂದ ಹೋದದ್ದು ಯಾರಿಗೆ?"

"ಯಾವ ಊರಿನ ಸಿರಿಗೋ. ಅವಳಿಗೂ ಒಬ್ಬ ಅಕ್ಕ ಇರಬಹುದು, ನಿಮ್ಮ ಹಾಗೇ ಹತ್ತಿಕಡ್ಡಿ ಹಿಡ್ಕೊಂಡು ಬೈಯೋಳು."

ಅಳುತ್ತಲೇ ನಗು ಬಂತು ಅವಳಿಗೆ. ತಾವು ಯಾರ ಋಣದಲ್ಲಿದ್ದೇವೆ ಎಂದು ಗೊತ್ತಿಲ್ಲ. ಇವನ ಋಣದಲ್ಲಿರುವವರಿಗೆ ಇವನು ಗೊತ್ತಿಲ್ಲ. ಎಲ್ಲರೂ ಚೆನ್ನಾಗಿರಲಿ ಎಂದು ಮನಸ್ಸು ತುಂಬಿ ಬೇಡಿಕೊಂಡಳು.

"ಅಮ್ಮ ಒಂದು ಮಾತು ಹೇಳಿ ಕಳಿಸಿದ್ದಾರೆ."

"ಏನಂತೆ?"

"ಮಗ ಅಲ್ಲದಿದ್ರೆ ಬೇಡ, ಮನೆಗೆ ಅಳಿಯ ಬೇಕಂತೆ!"

ಚನ್ನೇಶನ ಮುಖ ಅರಳಿತು. ಜೇಬಿನಿಂದ ಕೊಬ್ಬರಿ ಬೆಲ್ಲದ ಪೊಟ್ಟಣ ತೆಗೆದು ಅವಳ ಕೈಗಿಟ್ಟ.

"ಹಂಗಾದ್ರೆ ಇನ್ಮೇಲೆ ನನ್ನನ್ನ ಏನಂತ ಕರೀತೀಯ?"

ಮಾಲಿನಿ ಈ ಸಲ ಬೇರೆ ಕಡೆ ನೋಡಲಿಲ್ಲ. "ರೀ... ಮೊದಲು ನೀವು ತಿನ್ನಿ."