ಮೇಜಿನಿಂದ ಬಿದ್ದ ದಾಳ

"ಗೋಂದು ಇನ್ನೂ ಒಣಗಿಲ್ಲ" ಅಂತ ಬೈಂಡರಮ್ಮ ನಾಲ್ಕನೇ ಶನಿವಾರವೂ ಸುಳ್ಳು ಹೇಳಿದಳು.

ಆಟದ ರಟ್ಟಿನ ಡಬ್ಬಿಯ ಹರಿದ ಮೂಲೆ ಕಟ್ಟೋದು ಪುಸ್ತಕ ಹೊಲಿಯುವ ಅವಳಿಗೆ ಅರ್ಧ ದಿನದ ಕೆಲಸ. ಆದರೆ ಡಬ್ಬಿ ತಂದವನು ಗಡಿಯಾರ ರಿಪೇರಿಯವನು. "ಮನೇಲಿ ಆಡೋರಿಲ್ಲ, ರಿಪೇರಿಯಾದರೆ ಲೈಬ್ರರಿಗೆ ಕೊಟ್ಟುಬಿಡ್ತೀನಿ" ಅಂದಿದ್ದ. ಆಮೇಲೆ ಅವನಿಗೆ ಈ ಅಂಗಡಿಗೆ ಬರೋಕೆ ನೆಪವೇ ಇರೋದಿಲ್ಲ. ಅದಕ್ಕೇ ಅವಳು ವಾರಕ್ಕೊಂದು ಮೂಲೆ ಅಂತ ಎಳೆದಳು. ಡಬ್ಬಿಗಿರೋದು ನಾಲ್ಕೇ ಮೂಲೆ, ಏನು ಮಾಡೋದು ಹೇಳಿ!

ಡಬ್ಬಿಯಲ್ಲಿದ್ದದ್ದೆಲ್ಲ ಮೇಜಿನ ಮೇಲೆ ಹರಡಿತ್ತು. ಅಮೆರಿಕದ ಹಳೇ ಆಟ. ಮಡಚುವ ದೊಡ್ಡ ನಕ್ಷೆ, ಮುನ್ನೂರು ಪ್ಲಾಸ್ಟಿಕ್ ಸೈನಿಕರು, ಬೊಗಸೆ ತುಂಬ ದಾಳಗಳು, ಆಟದ ನಿಯಮದ ಪುಸ್ತಕ. ಹನ್ನೊಂದು ವರ್ಷದ ಹಿಂದೆ ಅವಳು, ಅವಳ ಅಣ್ಣ, ಇವನು, ಇದೇ ಅಂಗಡಿಯ ಮಹಡಿ ಮೇಲೆ ಪ್ರತಿ ಭಾನುವಾರ ಆಡಿದ್ದೇ ಆಡಿದ್ದು. ಒಂದು ಭಾನುವಾರ ಇವನು ಡಬ್ಬಿ ಎತ್ತಿಕೊಂಡು ಹೋದವನು ಮತ್ತೆ ಬರಲಿಲ್ಲ. ಅವನ ಪಾಲಿಗೆ ತಾನು ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಅವಳು ಅಂದುಕೊಂಡಳು. ಇಬ್ಬರಿಗೂ ಇನ್ನೂ ಮದುವೆಯಾಗಿರಲಿಲ್ಲ. ಕೇಳಿ ಕೇಳಿ ನೆಂಟರೇ ಸುಸ್ತಾಗಿದ್ದರು.

"ಇದೂ ಒಂದು ಆಟವೇನೇ?" ಅವನು ಎಂದಿನಂತೆ ಶುರು ಮಾಡಿದ. "ಮೂರು ಗಂಟೆ ತಲೆ ಕೆಡಿಸ್ಕೊಂಡು ಸೈನ್ಯ ಕಟ್ಟು, ಕೊನೆಗೆ ಒಂದು ದಾಳ ಕೈಕೊಟ್ಟರೆ ಎಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ಈಗಿನ ಬೋರ್ಡ್ ಆಟ ನೋಡು, ದಾಳವೇ ಬೇಕಿಲ್ಲ. ಯೋಚಿಸಿದವನು ಗೆಲ್ತಾನೆ."

"ನಾನೂ ಆಡಿದ್ದೀನಿ ಕಣೋ. ಎಲ್ಲರೂ ತಲೆ ತಗ್ಗಿಸಿ ಪರೀಕ್ಷೆ ಬರೆಯೋರ ಥರ ಕೂತಿರ್ತಾರೆ. ಒಬ್ಬರೂ ಕಿರುಚಲ್ಲ, ಎದ್ದು ಕುಣಿಯಲ್ಲ. ನಿನ್ನ ನಲವತ್ತು ಸೈನಿಕರನ್ನ ನನ್ನ ಒಬ್ಬನೇ ಒಬ್ಬ ತಡೆದಿದ್ದು ನೆನಪಿದೆಯಾ?"

"ಸಾಲಾಗಿ ಐದು ಸಲ ಆರು ಹಾಕಿದ್ದೆ. ರಾಕ್ಷಸಿ!"

"ನೋಡು, ಎಣಿಕೆ ಸಮೇತ ನೆನಪಿದೆ. ಯೋಚಿಸಿ ಗೆದ್ದ ಒಂದಾದರೂ ಆಟ ಹೀಗೆ ನೆನಪಿದೆಯಾ?"

ಅವನು ನಕ್ಕ. ನಗುವಾಗ ಎಡಗಣ್ಣು ಮೊದಲು ಮುಚ್ಚುತ್ತಿತ್ತು, ಭೂತಗನ್ನಡಿ ಹಿಡಿದು ಹಿಡಿದು ಬಂದ ಅಭ್ಯಾಸ. ಅವಳಿಗೆ ಇವನೆಂದರೆ ಪ್ರಾಣ. ಆಗಲೂ, ಈಗಲೂ.

"ನಿಂಗೆ ದಾಳದ ಮೇಲೆ ಯಾಕಿಷ್ಟು ಸಿಟ್ಟು?"

ಅವನು ಒಂದು ಪುಟ್ಟ ಸೈನಿಕನನ್ನು ತಿರುಗಿಸುತ್ತಾ ಕೂತ. "ನಗಬಾರದು. ಆ ಕೊನೇ ಭಾನುವಾರ ನಿಮ್ಮಣ್ಣ ಕೆಳಗೆ ಹೋದಾಗ ನಿನ್ನನ್ನ ಮದುವೆಗೆ ಕೇಳ್ಬೇಕು ಅಂತಿದ್ದೆ. ಧೈರ್ಯ ಸಾಲಲಿಲ್ಲ. ಆರು ಬಿದ್ದರೆ ಕೇಳ್ತೀನಿ ಅಂತ ಮನಸ್ಸಲ್ಲೇ ಅಂದ್ಕೊಂಡು ದಾಳ ಹಾಕಿದೆ. ಉರುಳಿ ನೆಲಕ್ಕೆ ಬಿತ್ತು. ಆರೇ ಬಿದ್ದಿತ್ತು."

"ಮತ್ತೆ?"

"ಮೇಜಿನಿಂದ ಬಿದ್ದದ್ದು ಲೆಕ್ಕಕ್ಕಿಲ್ಲ, ಇನ್ನೊಂದ್ಸಲ ಹಾಕು ಅಂತ ನೀನೇ ಕಿರುಚಿದೆಯಲ್ಲ. ಹಾಕಿದೆ. ಒಂದು ಬಿತ್ತು. ದಾಳವೇ ಬೇಡ ಅಂದ ಮೇಲೆ ಯಾವ ಮುಖ ಇಟ್ಕೊಂಡು ಬರ್ಲಿ?"

ಅಯ್ಯೋ ದೇವರೇ! ಆ ನಿಯಮ ಅವಳೇ ಹುಟ್ಟಿಸಿದ್ದು. ಯಾವುದೋ ಭಾನುವಾರ ಸೋಲೋ ಹಾಗಾದಾಗ ಬಾಯಿಗೆ ಬಂದದ್ದು ಹೇಳಿದ್ದಳು, ಈ ಪುಣ್ಯಾತ್ಮ ನಂಬಿಬಿಟ್ಟಿದ್ದ. ಹನ್ನೊಂದು ವರ್ಷ ತನ್ನಲ್ಲೇನು ಕೊರತೆ ಅಂತ ಅವಳು ಕೊರಗಿದ್ದಳು.

ತಾನೇ ಹೊಸದಾಗಿ ಹೊಲಿದಿದ್ದ ನಿಯಮದ ಪುಸ್ತಕವನ್ನು ಅವನ ಮುಂದೆ ತಳ್ಳಿದಳು. "ಹುಡುಕು. ಆ ಮಾತು ಎಲ್ಲಾದರೂ ಇದ್ದರೆ ತೋರಿಸು."

ಅವನು ಹಾಳೆ ಹಾಳೆ ತಿರುವಿದ. ಕೊನೆಯ ಪುಟ ದಾಟಿ ತಲೆ ಎತ್ತಿದಾಗ ಅವಳ ಕಣ್ಣು ತುಂಬಿತ್ತು.

"ಅಂದ್ರೆ ಆ ಆರು..."

"ಲೆಕ್ಕಕ್ಕಿತ್ತು. ನಾನೇ ಮೋಸ ಮಾಡಿದ್ದೆ ಕಣೋ."

ಅವನ ಕೈ ತಾನಾಗಿ ದಾಳದ ಕಡೆ ಹೋಯಿತು. ಇಷ್ಟು ಹೊತ್ತು ದಾಳದ ಪರ ವಾದಿಸಿದವಳೇ ಅದರ ಮೇಲೆ ಅಂಗೈ ಮುಚ್ಚಿದಳು. "ಇದು ಬೇಡ. ಈ ಸಲ ಬಾಯಿಬಿಟ್ಟು ಕೇಳು."

ಅವನು ಕೇಳಿದ. ಮಾತು ತೊದಲಿತು, ಕಿವಿ ಕೆಂಪಾಯಿತು. ಅವಳು "ಹೂಂ" ಅಂದಳು.

ಏನು ಮಾಡಬೇಕೋ ತೋಚದೆ ಅವನು ಡಬ್ಬಿಯ ನಾಲ್ಕನೇ ಮೂಲೆ ಮುಟ್ಟಿ ನೋಡಿದ. "ಏಯ್, ಇದು ಒಣಗಿದೆಯಲ್ಲೇ!"

"ಬುಧವಾರವೇ ಒಣಗಿತ್ತು" ಅನ್ನುತ್ತಾ ಅವಳು ನಕ್ಷೆ ಬಿಡಿಸಿದಳು. "ಲೈಬ್ರರಿಗೆ ಬೇರೆ ಏನಾದರೂ ಕೊಡು. ಕೂತ್ಕೋ, ಆಡೋಣ. ನೆಲಕ್ಕೆ ಬಿದ್ದದ್ದೂ ಲೆಕ್ಕಕ್ಕೆ."