ಲಿವರಿನ ಎರಡನೆಯ ಸ್ಥಾನ

೨೦೨೪ರ ಡಿಸೆಂಬರ್ ೧೫, ಭಾನುವಾರ. ಸಿದ್ಧಕಟ್ಟೆಯ ಹಳೆಯ ಕೆಂಪುಕಲ್ಲಿನ ಕೋರೆಯ ಇಳಿಜಾರಿನಲ್ಲಿ ಹತ್ತೊಂಬತ್ತು ಜೀಪುಗಳು ಸಾಲಾಗಿ ನಿಂತಿದ್ದವು. ಚಾಲಕರೆಲ್ಲ ಊಟಕ್ಕೆ ಕುಳಿತಿದ್ದರು. ಊಟ ಮುಗಿಯುವ ಮೊದಲೇ ಸಾಲಿನಲ್ಲಿ ಹದಿನೆಂಟು ಉಳಿದವು.

ಹತ್ತೊಂಬತ್ತನೆಯದು ಚಾಲಕನಿಲ್ಲದೆ ಕೆಳಗಿಳಿದಿತ್ತು. ಇಳಿಜಾರಿನ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಶೋಧನ್ ಕುಳಿತಿದ್ದ. ಜೀಪು ಓಡಿಸುವ ಸ್ಪರ್ಧೆಯಲ್ಲಿ ಸಮಯ ನೋಡುವ ಕೆಲಸ ಅವನದು. ಜೀಪು ಅವನಿಗೆ ಬಡಿದು, ಎದುರಿನ ಮಣ್ಣಿನ ದಿಬ್ಬ ಹತ್ತಿ, ಪಕ್ಕಕ್ಕೆ ಮಗುಚಿತು. ಶೋಧನ್ ಬದುಕಿದ. ಅವನ ಬಲಗಾಲು ಎರಡು ಕಡೆ ಮುರಿದಿತ್ತು.

ಬಂಟ್ವಾಳದಿಂದ ಸಬ್ ಇನ್ಸ್‌ಪೆಕ್ಟರ್ ಕಾಂತಿ ಬಂದಾಗ ಆಂಬ್ಯುಲೆನ್ಸ್ ಹೊರಟುಹೋಗಿತ್ತು. ಪೊಲೀಸ್ ಇಲಾಖೆ ಸೇರುವ ಮೊದಲು ಅವರು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವರು. ಲೆಕ್ಕ ಮಾಡದೆ ಉತ್ತರ ಹೇಳುವವರನ್ನು ಅವರು ಅಂದಿನಿಂದಲೂ ನಂಬುತ್ತಿರಲಿಲ್ಲ.

ಇಲ್ಲಿ ಉತ್ತರ ಸಿದ್ಧವಾಗಿತ್ತು. ಹೇಳಿದವರು ಸ್ಪರ್ಧೆ ನಡೆಸುವ ಜೀಪು ಕ್ಲಬ್ಬಿನ ಅಧ್ಯಕ್ಷ ಸುಧಾಕರ. ಮೂಡುಬಿದಿರೆಯಲ್ಲಿ ಹೋಟೆಲು ನಡೆಸುವವರು.

"ಇದರಲ್ಲಿ ತನಿಖೆ ಮಾಡ್ಲಿಕ್ಕೆ ಎಂತ ಉಂಟು ಮೇಡಂ? ಟ್ರಾನ್ಸ್‌ಫರ್ ಕೇಸ್ ಕೈಕೊಟ್ಟಿದೆ. ಫರಂಗಿಪೇಟೆಯ ಹಸನಬ್ಬ ಕಳೆದ ತಿಂಗಳು ಕೂರಿಸಿದ್ದು. ಅವನನ್ನು ಹಿಡಿಯಿರಿ."

"ಟ್ರಾನ್ಸ್‌ಫರ್ ಕೇಸ್ ಎಂದರೆ?"

"ಗೇರ್‌ಬಾಕ್ಸಿನ ಹಿಂದೆ ಇನ್ನೊಂದು ಪೆಟ್ಟಿಗೆ. ಎಂಜಿನ್ನಿನ ಶಕ್ತಿಯನ್ನು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಹಂಚುವುದು ಅದು. ಅದಕ್ಕೆ ಬೇರೆಯೇ ಲಿವರ್. ಅದು ನ್ಯೂಟ್ರಲಿಗೆ ಬಂದರೆ, ಗೇರ್ ಹಾಕಿದ್ದರೂ ಚಕ್ರವನ್ನು ಹಿಡಿಯುವವರಿಲ್ಲ. ಫೋರ್ ಹೈಯಲ್ಲಿ, ನಾಲ್ಕೂ ಚಕ್ರ ಹಿಡಿದು ನಿಂತ ಗಾಡಿ ಸುಮ್ಮನೆ ಇಳೀತದಾ? ಒಳಗೆ ಹಲ್ಲು ತಪ್ಪಿ, ತಾನಾಗಿ ನ್ಯೂಟ್ರಲಿಗೆ ಹಾರಿದೆ."

"ಹ್ಯಾಂಡ್ ಬ್ರೇಕ್?"

ಸುತ್ತ ನಿಂತವರು ನಕ್ಕರು. "ಕೆಸರಿನಲ್ಲಿ ಓಡುವ ಗಾಡಿಗೆ ಹ್ಯಾಂಡ್ ಬ್ರೇಕ್ ಎಲ್ಲಿ ಉಳೀತದೆ ಮೇಡಂ? ನಾವು ಗೇರ್‌ನಲ್ಲೇ ನಿಲ್ಲಿಸುವುದು."

"ಊಟದ ಹೊತ್ತಿನಲ್ಲಿ ಗಾಡಿಯನ್ನು ಯಾರಾದರೂ ಮುಟ್ಟಿದ್ದಾರಾ?"

"ಯಾರೂ ಮುಟ್ಟಿಲ್ಲ," ಎಂದರು ಸುಧಾಕರ. ಹೇಳಿಕೆಗೆ ಸಹಿಯನ್ನೂ ಹಾಕಿದರು.

ಜೀಪಿನ ಮಾಲೀಕ ಬಾಸಿತ್. ಬಿ.ಸಿ. ರೋಡಿನಲ್ಲಿ ಟೈಲ್ಸ್ ಅಂಗಡಿ ಇಟ್ಟ ಯುವಕ. ಮಗುಚಿದ ಜೀಪಿನೊಳಗೆ ತಲೆ ಹಾಕಿ ನೋಡಿ ಹೊರಬಂದ. ಅವನ ಮುಖ ಬಿಳಿಚಿತ್ತು.

"ನಾನು ಫೋರ್ ಲೋಗೆ ಹಾಕಿ, ಫಸ್ಟ್ ಗೇರ್‌ನಲ್ಲಿ ನಿಲ್ಲಿಸಿದ್ದು ಮೇಡಂ. ಈಗ ನ್ಯೂಟ್ರಲಿನಲ್ಲಿ ಉಂಟು."

* * *

ಸುದ್ದಿ ಕಾಂತಿಯವರಿಗಿಂತ ಮೊದಲೇ ಫರಂಗಿಪೇಟೆ ತಲುಪಿತ್ತು. ಕ್ಲಬ್ಬಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಸುಧಾಕರರು ಹಸನಬ್ಬರ ಹೆಸರು ಹಾಕಿ ಬರೆದಿದ್ದರು. ಸೋಮವಾರ ಬೆಳಿಗ್ಗೆ ಗ್ಯಾರೇಜಿನ ಮುಂದೆ ಇಬ್ಬರು ತಮ್ಮ ಜೀಪುಗಳನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದರು.

"ಕೊಂಡು ಹೋಗಲಿ," ಎಂದರು ಹಸನಬ್ಬ. ಅರುವತ್ತು ದಾಟಿದ, ಸಣ್ಣ ದೇಹದ, ಸಿಡುಕಿನ ಮನುಷ್ಯ. "ಬಿಚ್ಚಿದ ಸಾಮಾನನ್ನೂ ಗೋಣಿಯಲ್ಲಿ ತುಂಬಿಸಿ ಕೊಟ್ಟಿದ್ದೇನೆ. ಹೊಲಿದುಕೊಳ್ಳಲಿ."

"ಕೇಸು ನಿಮ್ಮ ಮೇಲೆ ಬರಬಹುದು."

"ಬಂದರೆ ಬಾಗಿಲು ಹಾಕುವುದು. ಜೈಲಿಗೆ ಹೋಗಿ ಬಂದವನ ಹತ್ತಿರ ಯಾರು ಗಾಡಿ ಬಿಡ್ತಾರೆ?"

"ಬಾಸಿತನ ಗಾಡಿಗೆ ಏನು ಮಾಡಿದಿರಿ?"

"ಹಳೆಯ ಪೆಟ್ಟಿಗೆ ಪೂರಾ ಸವೆದಿತ್ತು. ಹಲ್ಲುಗಳ ತುದಿ ಉರುಟಾಗಿತ್ತು. ಲಿವರನ್ನು ಹಿಡಿದು ನಿಲ್ಲಿಸುವ ಸ್ಪ್ರಿಂಗಿನಲ್ಲಿ ಜೀವ ಇರಲಿಲ್ಲ. ಅದರ ಸಾಮಾನು ಈಗ ಸಿಗುವುದಿಲ್ಲ. ಬೇರೆ ಮಾಡೆಲಿನ ಪೆಟ್ಟಿಗೆ ತಂದು, ಒಳಗಿನದ್ದೆಲ್ಲ ಹೊಸತು ಹಾಕಿ ಕೂರಿಸಿದೆ."

"ಅದೂ ಹಾರಿರಬಹುದಲ್ಲ?"

"ನಾನು ಇಲ್ಲ ಎಂದರೆ ನೀವು ಬರೆದುಕೊಳ್ತೀರಾ? ಬೆಳ್ತಂಗಡಿಯ ಮಹಮ್ಮದ್ ಕುಂಞಿಯ ಕೈಯಿಂದ ಬಿಚ್ಚಿಸಿ. ಅವನಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ಒಂದು ಗೀರು ಸಿಕ್ಕಿದರೂ ಬಿಡುವವನಲ್ಲ."

* * *

ಮಹಮ್ಮದ್ ಕುಂಞಿ ಬಹಳ ಉತ್ಸಾಹದಿಂದ ಕೆಲಸ ಆರಂಭಿಸಿದರು.

"ಹಸನಬ್ಬನ ಕೆಲಸವಾ? ನೋಡುವ. ತಪ್ಪು ಸಿಕ್ಕಿದರೆ ನಾನೇ ಫೋಟೋ ತೆಗೆದು ಊರಿಗೆಲ್ಲ ಕಳಿಸ್ತೇನೆ."

ಎರಡು ಗಂಟೆಯ ನಂತರ ಉತ್ಸಾಹ ಇಳಿದಿತ್ತು. ಬಿಳಿಯ ಬಟ್ಟೆಯ ಮೇಲೆ ಬಿಡಿ ಭಾಗಗಳು ಹರಡಿದ್ದವು. ಹಲ್ಲುಗಳು ಚೂಪಾಗಿದ್ದವು. ಒಳಗಿನ ಒಂದು ಗೇರ್ ತಿರುಗುವುದು ಸೂಜಿಯಂಥ ಉಕ್ಕಿನ ಕಡ್ಡಿಗಳ ಮೇಲೆ. ಜೋಡಿಸುವಾಗ ಒಂದೆರಡು ಜಾರಿ ಹೋಗುವುದು ಸಾಮಾನ್ಯ. ಕುಂಞಿ ಅವನ್ನು ಎರಡು ಸಲ ಎಣಿಸಿದರು. ಎರಡು ಸಲವೂ ನಲವತ್ತೆಂಟು.

"ಒಂದು ಕಡಿಮೆ ಇದ್ದಿದ್ದರೂ ಹೇಳಬಹುದಿತ್ತು," ಎಂದರು ಬೇಸರದಿಂದ. "ಇಲ್ಲ ಮೇಡಂ. ಈ ಪೆಟ್ಟಿಗೆ ಹಾರುವುದಿಲ್ಲ. ಈ ಸ್ಪ್ರಿಂಗ್ ನೋಡಿ. ನನ್ನ ಹೆಬ್ಬೆರಳಿಗೇ ಬಗ್ಗುವುದಿಲ್ಲ."

"ಹಾಗಾದರೆ ಲಿವರ್ ನ್ಯೂಟ್ರಲಿಗೆ ಬಂದದ್ದು ಹೇಗೆ?"

"ಕೈಯಿಂದ. ಅದೂ ಹೊರಗೆ ನಿಂತು ಎಳೆದರೆ ಬರುವುದಿಲ್ಲ. ಇಳಿಜಾರಿನಲ್ಲಿ ಗಾಡಿಯ ಭಾರ ಹಲ್ಲಿನ ಮೇಲೆ ಇರ್ತದೆ. ಒಬ್ಬ ಒಳಗೆ ಕೂತು, ಬ್ರೇಕ್ ತುಳಿದು, ಕ್ಲಚ್ ಒತ್ತಿಯೇ ಎಳೆಯಬೇಕು."

ಕುಂಞಿ ಕೈ ಒರೆಸಿಕೊಂಡರು. ಮತ್ತೆ ಏನೋ ನೆನಪಾಯಿತು.

"ಒಂದು ವಿಷಯ ಉಂಟು. ಇದರ ಲಿವರ್ ತಿರುವುಮುರುವು. ಹಳೆಯ ಮಾಡೆಲಿನಲ್ಲಿ ಎಲ್ಲಕ್ಕಿಂತ ಮುಂದೆ ಟೂ ಹೈ, ಎಂದರೆ ಎರಡೇ ಚಕ್ರಕ್ಕೆ ಶಕ್ತಿ. ಒಂದು ಸ್ಥಾನ ಹಿಂದಕ್ಕೆ ಎಳೆದರೆ ಫೋರ್ ಹೈ, ನಾಲ್ಕೂ ಚಕ್ರಕ್ಕೆ. ಆಮೇಲೆ ನ್ಯೂಟ್ರಲ್. ಕೊನೆಗೆ ಫೋರ್ ಲೋ, ನಾಲ್ಕೂ ಚಕ್ರಕ್ಕೆ, ಆದರೆ ನಿಧಾನದ್ದು, ಏರಿಗೆ. ಇದರಲ್ಲಿ ಫೋರ್ ಲೋ ಎಲ್ಲಕ್ಕಿಂತ ಮುಂದೆ. ಮತ್ತೆ ನ್ಯೂಟ್ರಲ್, ಫೋರ್ ಹೈ, ಟೂ ಹೈ."

"ಅದು ಹಸನಬ್ಬರ ತಪ್ಪಾ?"

"ತಪ್ಪೆಂತದ್ದು? ಈ ಮಾಡೆಲ್ ಹುಟ್ಟಿದ್ದೇ ಹೀಗೆ. ಲಿವರಿನ ತಲೆಯ ಮೇಲೆ ಹಳೆಯ ಅಕ್ಷರ ಇರಬಾರದು ಎಂದು ಬೋಳು ಗುಂಡು ಹಾಕಿದ್ದಾನೆ. ಓಡಿಸುವವನಿಗೆ ಗೊತ್ತಿದ್ದರೆ ಆಯಿತು."

* * *

ಕಾಂತಿ ಮತ್ತೆ ಸಿದ್ಧಕಟ್ಟೆಯ ಕೋರೆಗೆ ಹೋದರು. ಅವರನ್ನು ಕಾಡುತ್ತಿದ್ದ ಪ್ರಶ್ನೆ ಒಂದೇ. ಲಿವರನ್ನು ನ್ಯೂಟ್ರಲಿಗೆ ತಂದು ಬ್ರೇಕಿನಿಂದ ಕಾಲು ತೆಗೆದರೆ ಜೀಪು ಆ ಕ್ಷಣವೇ ಹೊರಡಬೇಕು. ಕೂತವನು ಇಳಿಯುವುದು ಹೇಗೆ?

ಉತ್ತರ ನೆಲದಲ್ಲಿತ್ತು. ಒಂದು ಕಡೆ ಅಂಗೈ ಅಗಲ ಕೆಂಪು ಪುಡಿ ಒತ್ತಿ ಕೂತಿತ್ತು. ಅದರ ಮೇಲೆ ಟಯರಿನ ಅಚ್ಚು. ಯಾರೋ ಚಕ್ರಕ್ಕೆ ಕೆಂಪುಕಲ್ಲಿನ ತುಂಡು ಅಡ್ಡ ಇಟ್ಟಿದ್ದರು. ನೀರು ಕುಡಿದು ಮೆತ್ತಗಾದ ತುಂಡು. ಭಾರಕ್ಕೆ ಸ್ವಲ್ಪ ಸ್ವಲ್ಪವೇ ಉದುರಿ, ಕೊನೆಗೆ ಪೂರ್ತಿ ಪುಡಿಯಾಗಿತ್ತು.

"ನಾನು ಕಲ್ಲು ಇಡುವವನೇ ಅಲ್ಲ," ಎಂದ ಬಾಸಿತ್. "ಮತ್ತೆ ನನ್ನ ಗಾಡಿ ಇದ್ದದ್ದು ಇಲ್ಲಿ ಅಲ್ಲ ಮೇಡಂ. ಅಲ್ಲಿ ಮೇಲೆ, ಆ ಹಾಲೆಮರದ ಬುಡದಲ್ಲಿ."

ಹಾಲೆಮರದಿಂದ ಕೆಂಪು ಪುಡಿಗೆ ಎರಡು ಜೀಪಿನ ಉದ್ದ. ಯಾರೋ ಜೀಪನ್ನು ಅಷ್ಟು ಕೆಳಕ್ಕೆ ಇಳಿಸಿದ್ದರು. ಹಾಲೆಮರದ ಪಕ್ಕದಲ್ಲಿ ಊಟದ ವ್ಯಾನು ಬರುವ ದಾರಿ ಇತ್ತು.

ವ್ಯಾನಿನ ಚಾಲಕ ಲತೇಶ್. ಅವನಿಗೂ ಶೋಧನನಿಗೂ ಅಪಘಾತದ ದಿನ ಜಗಳವಾಗಿತ್ತೆಂದು ಮೂವರು ಹೇಳಿದ್ದರು. ಕಾಂತಿ ಅವನನ್ನು ಕರೆಸಿ, ಅಂಥದೇ ಒಂದು ಜೀಪಿನಲ್ಲಿ ಕೂರಿಸಿದರು.

"ಇದನ್ನು ನ್ಯೂಟ್ರಲಿಗೆ ತಾ."

ಲತೇಶ್ ಕೆಳಗೆ ನೋಡಿದ. "ಇದೆಂತ ಮೇಡಂ, ಎರಡು ಲಿವರ್? ಒಂದು ನನಗೆ, ಒಂದು ನಿಮಗಾ?"

ಅವನು ಎರಡನೆಯ ಲಿವರನ್ನು ಬೆರಳಿನಿಂದ ಮುಟ್ಟಿ ಕೈ ಹಿಂದೆಗೆದ.

"ಶೋಧನನ ಜೊತೆ ಜಗಳ ಯಾಕೆ?"

"ವ್ಯಾನು ಹೊರಗೆ ನಿಲ್ಲಿಸು ಅಂದ. ತುಪ್ಪದನ್ನದ ಪಾತ್ರೆ ಅವನು ಹೊರ್ತಾನಾ? ಅಷ್ಟೇ ಮಾರಾಯ್ರೆ. ಕಾಲು ಮುರಿಯುವಷ್ಟು ಸಿಟ್ಟು ನನಗೆ ಯಾರ ಮೇಲೂ ಇಲ್ಲ."

"ಈ ಜೀಪು ನಿನ್ನ ದಾರಿಗೆ ಅಡ್ಡ ಇತ್ತಾ?"

"ಇತ್ತು. ಎರಡು ಸಲ ಹಾರ್ನ್ ಹಾಕಿದೆ. ಹಿಂದೆ ಹೋಗಿ ಪಾತ್ರೆಯ ಮುಚ್ಚಳ ಕಟ್ಟಿ ಬರುವಾಗ ದಾರಿ ಬಿಟ್ಟಿತ್ತು. ಯಾರು ಸರಿಸಿದ್ದೋ ನೋಡಲಿಲ್ಲ."

"ಊಟ ಯಾವ ಹೋಟೆಲಿನದು?"

"ಸುಧಾಕರಣ್ಣನದೇ."

* * *

ಮೂಡುಬಿದಿರೆಯ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಒಂದು ದೊಡ್ಡ ಫೋಟೋ ಇತ್ತು. ಹೊಳೆಯ ಮಧ್ಯೆ ಜೀಪು. ಚಾಲಕನ ಜಾಗದಲ್ಲಿ ಹತ್ತು ವರ್ಷ ಚಿಕ್ಕವರಾದ ಸುಧಾಕರ. ಕಾಂತಿ ನಂಬರ್ ಪ್ಲೇಟನ್ನು ಓದಿದರು. ಕೋರೆಯಲ್ಲಿ ಮಗುಚಿದ ಜೀಪಿನದೇ ಸಂಖ್ಯೆ.

"ಇದು ನಿಮ್ಮದಾಗಿತ್ತಾ?"

"ಹನ್ನೊಂದು ವರ್ಷ ಮೇಡಂ. ಕಣ್ಣು ಕಟ್ಟಿ ಕೂರಿಸಿದರೂ ಓಡಿಸ್ತಿದ್ದೆ. ಏಪ್ರಿಲಿನಲ್ಲಿ ಬಾಸಿತನಿಗೆ ಕೊಟ್ಟೆ. ಆಮೇಲೆ ಮುಟ್ಟಲಿಲ್ಲ. ಅದನ್ನು ಆ ಹಸನಬ್ಬ ಹಾಳು ಮಾಡಿದ."

"ನಾಳೆ ಠಾಣೆಗೆ ಬನ್ನಿ. ಇಳಿಜಾರಿನಲ್ಲಿ ಗಾಡಿ ನಿಲ್ಲಿಸುವ ಕ್ರಮವನ್ನು ನೀವೇ ತೋರಿಸಿದರೆ ವರದಿಗೆ ಅನುಕೂಲ."

"ಬರ್ತೇನೆ. ಅದಕ್ಕೆಂತ?"

* * *

ಠಾಣೆಯ ಅಂಗಳದಲ್ಲಿ ಜೀಪು ನಿಂತಿತ್ತು. ಕುಂಞಿ ಪೆಟ್ಟಿಗೆಯನ್ನು ಮೊದಲಿನಂತೆಯೇ ಜೋಡಿಸಿ ಕೊಟ್ಟಿದ್ದರು. ಬಾಸಿತ್, ಹಸನಬ್ಬ, ಕುಂಞಿ ಒಂದು ಬದಿಗೆ ನಿಂತಿದ್ದರು. ಕಾಂತಿ ಲಿವರನ್ನು ಎಲ್ಲಕ್ಕಿಂತ ಮುಂದಿನ ಸ್ಥಾನದಲ್ಲಿ ಇರಿಸಿದ್ದರು. ಇಬ್ಬರು ಕಾನ್‌ಸ್ಟೇಬಲ್‌ಗಳು ಹಿಂದಿನಿಂದ ತಳ್ಳಿದರು. ಜೀಪು ಅಲುಗಲಿಲ್ಲ.

"ಕೂತುಕೊಳ್ಳಿ," ಎಂದರು ಸುಧಾಕರರಿಗೆ. "ಗಾಡಿ ನಿಮಗೆ ಹೀಗೆ ಸಿಕ್ಕಿದೆ. ಎದುರಿಗೆ ಇಳಿಜಾರು. ಭದ್ರ ಮಾಡಿ ಇಳಿಯಿರಿ."

ಸುಧಾಕರ ಕೂತರು. ಬ್ರೇಕ್ ತುಳಿದರು, ಕ್ಲಚ್ ಒತ್ತಿದರು. ಕಣ್ಣು ಎದುರಿಗೇ ಇತ್ತು. ಎಡಗೈ ತಾನಾಗಿ ಲಿವರಿಗೆ ಹೋಯಿತು. ಒಂದು ಸ್ಥಾನ ಹಿಂದಕ್ಕೆ ಎಳೆಯಿತು. ಮತ್ತೆ ಫಸ್ಟ್ ಗೇರ್. ಇಳಿದರು.

"ಇಷ್ಟೇ. ಎರಡು ಚಕ್ರದಲ್ಲಿ ಇದ್ದದ್ದನ್ನು ನಾಲ್ಕಕ್ಕೆ ತಂದದ್ದು."

ಕಾಂತಿ ತಲೆಯಾಡಿಸಿದರು. ಕಾನ್‌ಸ್ಟೇಬಲ್‌ಗಳು ಮತ್ತೆ ತಳ್ಳಿದರು. ಜೀಪು ಸದ್ದಿಲ್ಲದೆ ಮುಂದಕ್ಕೆ ಉರುಳಿ, ಅಂಗಳ ದಾಟಿ, ಮರಳಿನ ಚೀಲಗಳಿಗೆ ತಾಗಿ ನಿಂತಿತು.

ಸುಧಾಕರ ಒಮ್ಮೆ ಜೀಪನ್ನು, ಒಮ್ಮೆ ತಮ್ಮ ಕೈಯನ್ನು ನೋಡಿಕೊಂಡರು.

"ಲೆಕ್ಕ ಹೇಳುತ್ತೇನೆ," ಎಂದರು ಕಾಂತಿ. "ಪೆಟ್ಟಿಗೆ ಸರಿಯಾಗಿತ್ತು. ಆದ್ದರಿಂದ ಲಿವರನ್ನು ಎಳೆದದ್ದು ಒಂದು ಕೈ. ಯಾರ ಕೈ? ಬಾಸಿತನಿಗೆ ಹೊಸ ಕ್ರಮ ಗೊತ್ತು, ಅವನು ತಪ್ಪುವುದಿಲ್ಲ. ಏನೂ ಗೊತ್ತಿಲ್ಲದ ಲತೇಶನಂಥವನು ಬೋಳು ಲಿವರನ್ನು ಮುಟ್ಟಲಿಕ್ಕೇ ಹೆದರುತ್ತಾನೆ. ನೋಡದೆ ಒಂದು ಸ್ಥಾನ ಎಳೆಯುವುದು ಹಳೆಯ ಕ್ರಮ ಕೈಗೇ ಅಭ್ಯಾಸವಾದವನು. ಆ ಜೀಪಿನಲ್ಲಿ ಅಂಥ ಕೈ ಒಂದೇ."

"ಮೇಡಂ..."

"ನಿಮ್ಮ ಹೋಟೆಲಿನ ವ್ಯಾನು ಹಾರ್ನ್ ಹಾಕಿತು. ನೀವು ಎಂಜಿನ್ ಚಾಲೂ ಮಾಡದೆ, ಕ್ಲಚ್ ಒತ್ತಿ, ಜೀಪನ್ನು ಇಳಿಜಾರಿನಲ್ಲೇ ಎರಡು ಗಾಡಿಯ ಉದ್ದ ಬಿಟ್ಟಿರಿ. ಎಂಜಿನ್ ಓಡಿದ್ದರೆ ಅದು ಲೋ ಎಂದು ಕೂಡಲೇ ತಿಳಿಯುತ್ತಿತ್ತು. ಲಿವರ್ ಮುಂದೆ ಕಂಡಿತು. ಹುಡುಗ ಎರಡೇ ಚಕ್ರದಲ್ಲಿ ನಿಲ್ಲಿಸಿದ್ದಾನೆ ಎಂದುಕೊಂಡಿರಿ. ಭದ್ರವಾಗಲಿ ಎಂದು ಎಳೆದಿರಿ. ಜೀಪು ಬಂದು ನಿಲ್ಲುವ ಜಾಗದಲ್ಲಿ ಮೊದಲೇ ಒಂದು ಕಲ್ಲನ್ನೂ ಅಡ್ಡ ಇಟ್ಟಿದ್ದಿರಿ. ಕಲ್ಲು ಇರುವವರೆಗೆ ಜೀಪು ನಿಂತಿತು."

"ಊಹೆಯಿಂದ ಕೇಸು ಮಾಡ್ತೀರಾ?"

"ಮೊದಲ ದಿನ ನೀವೇ ಹೇಳಿದ್ದೀರಿ, ಫೋರ್ ಹೈಯಲ್ಲಿ ನಿಂತ ಗಾಡಿ ಎಂದು. ಬಾಸಿತ್ ಇಟ್ಟದ್ದು ಫೋರ್ ಲೋದಲ್ಲಿ. ಮುಟ್ಟದವರಿಗೆ ಹೈ ಎಲ್ಲಿಂದ ಬಂತು?"

ಸುಧಾಕರ ಜೀಪಿನ ಹತ್ತಿರ ಹೋಗಿ ಬಾನೆಟ್ಟಿಗೆ ಒರಗಿದರು.

"ನಾನು ಭದ್ರ ಮಾಡ್ಲಿಕ್ಕೆ ಹೋದದ್ದು. ದೇವರಾಣೆಗೂ ಹಸನಬ್ಬನ ಕೆಲಸವೇ ಕೆಟ್ಟಿದೆ ಎಂದು ತಿಳಿದಿದ್ದೆ."

"ಇರಬಹುದು. ಆದರೆ ಮುಟ್ಟಿದ್ದೇನೆ ಎಂದು ಯಾಕೆ ಹೇಳಲಿಲ್ಲ?"

"ಅಧ್ಯಕ್ಷ ನಾನು. ಹೆಸರು ಹಾಳಾಗ್ತದೆ ಎಂದು..."

"ಹೆಸರು ಅವರಿಗೂ ಉಂಟು."

ಕಾಂತಿ ಹಸನಬ್ಬರ ಕಡೆ ತಿರುಗಿದರು. ಅವರ ದನಿ ಮೃದುವಾಗಲಿಲ್ಲ. "ಲಿವರಿನ ಕ್ರಮ ಬದಲಾಗಿದೆ ಎಂದು ನೀವು ಒಂದು ಚೀಟಿ ಅಂಟಿಸಬಹುದಿತ್ತು."

"ಗಾಡಿಯ ಮಾಲೀಕನಿಗೆ ಹೇಳಿದೆ," ಎಂದರು ಹಸನಬ್ಬ. "ಕೇಳದೆ ಕೈ ಹಾಕುವವರ ಮನೆ ಮನೆಗೆ ಹೋಗಿ ಹೇಳ್ಬೇಕಿತ್ತಾ?"

ಕುಂಞಿಗೆ ನಗು ತಡೆಯಲಾಗಲಿಲ್ಲ. ಹಸನಬ್ಬ ಅವರನ್ನು ನೋಡಲಿಲ್ಲ.

ಸುಧಾಕರ ಹತ್ತಿರ ಬಂದರು. "ಹಸನಬ್ಬ, ನನ್ನಿಂದ ತಪ್ಪಾಯಿತು."

"ಇದನ್ನು ಇಲ್ಲಿ ಹೇಳಿದರೆ ಆಗುವುದಿಲ್ಲ ಸುಧಾಕರಣ್ಣ. ನನ್ನನ್ನು ಬೈದದ್ದು ಇಡೀ ಕ್ಲಬ್ಬಿನ ಎದುರು. ಇಲ್ಲಿ ಇರುವವರು ಬೆರಳೆಣಿಕೆಯಷ್ಟು. ಸಮ ಆಗುವುದಿಲ್ಲ."

"ಮುಂದಿನ ಸಭೆಯಲ್ಲಿ ಎಲ್ಲರೆದುರು ಹೇಳ್ತೇನೆ."

* * *

ನಿರ್ಲಕ್ಷ್ಯ ಮತ್ತು ಸುಳ್ಳು ಹೇಳಿಕೆಗಾಗಿ ಸುಧಾಕರರ ಮೇಲೆ ಮೊಕದ್ದಮೆ ದಾಖಲಾಯಿತು. ಹಸನಬ್ಬರ ಹೆಸರು ಕಡತದಲ್ಲಿ ಸಾಕ್ಷಿಯ ಸಾಲಿಗೆ ಬಂತು. ಎಳೆದುಕೊಂಡು ಹೋದ ಜೀಪುಗಳಲ್ಲಿ ಒಂದು ಹಿಂದಕ್ಕೆ ಬಂತು, ಒಂದು ಬರಲಿಲ್ಲ. ಬಂದವನು ಕಾರಣ ಹೇಳಲಿಲ್ಲ. ಗೋಣಿಯನ್ನು ಇಳಿಸಿ ಹೋದ. ಶೋಧನ್ ಕೋಲು ಹಿಡಿದು ನಡೆಯತೊಡಗಿದ. ಆಸ್ಪತ್ರೆಯ ಖರ್ಚನ್ನು ಸುಧಾಕರರು ಪೂರ್ತಿ ತೆತ್ತರು. ಯಾರೂ ಕೇಳುವ ಮೊದಲೇ ತೆತ್ತರು.

ಜನವರಿಯಲ್ಲಿ ಕ್ಲಬ್ಬಿನ ಸಭೆ ನಡೆಯಿತು. ಹಸನಬ್ಬ ಒಗೆದ ಬಿಳಿ ಅಂಗಿ ತೊಟ್ಟು, ಗ್ಯಾರೇಜಿಗೆ ಬೀಗ ಹಾಕಿ ಬಂದು, ಕೊನೆಯ ಸಾಲಿನಲ್ಲಿ ಕುಳಿತರು. ಅಧ್ಯಕ್ಷರ ಕುರ್ಚಿ ಖಾಲಿ ಇತ್ತು. ಕಾರ್ಯದರ್ಶಿ ಸುಧಾಕರರ ರಾಜೀನಾಮೆಯನ್ನು ಓದಿದರು. ವೈಯಕ್ತಿಕ ಕಾರಣ ಎಂದು ಅದರಲ್ಲಿತ್ತು, ಬೇರೇನೂ ಇರಲಿಲ್ಲ. ಹಸನಬ್ಬ ಚಹಾ ಬರುವವರೆಗೆ ಕಾದರು. ಆಮೇಲೆ ಎದ್ದು ಹೋದರು.

ಆಸ್ಪತ್ರೆಯ ಲೆಕ್ಕ ಚುಕ್ತಾ ಆಗಿದೆ. ಹಸನಬ್ಬರದು ಇನ್ನೂ ಬಾಕಿ ಇದೆ.